ಹಾವಿನ ಗಾಡಿಯ ಪಕ್ಕ ನಿಂತವನು

ಮರಾಠಿ ಸೀಮೆಯ ಗಡಿಯಲ್ಲಿರುವ ವಳಸಂಗದ ಕನ್ನಡ ಶಾಲೆಯಲ್ಲಿ ನಾನು ಮಾಸ್ತರಿಕೆ ಮಾಡುತ್ತೇನೆ. ಮಧ್ಯಾಹ್ನ ಮಕ್ಕಳ ಊಟ ಮುಗಿದು ಮತ್ತೆ ಗಂಟೆ ಹೊಡೆಯುವವರೆಗೆ ಅರ್ಧ ತಾಸು ಸಿಗುತ್ತದೆ. ಆ ಅರ್ಧ ತಾಸು ಅಪ್ಪನದು. ಮದುವೆಯಾಗಿ ಜತ್ತದಲ್ಲಿ ಇದ್ದರೂ ನೌಕರಿ ಮಾತ್ರ ತವರೂರಲ್ಲೇ ಆದದ್ದರಿಂದ ಈ ಅನುಕೂಲ. ಶಾಲೆಯಿಂದ ತಮ್ಮನ ಮನೆಗೆ ಐದು ನಿಮಿಷದ ದಾರಿ. ಅಪ್ಪ ಪಡಸಾಲೆಯ ಮಂಚದ ಮೇಲೆ ಗೋಡೆಗೆ ಒರಗಿ ಕುಳಿತಿರುತ್ತಾನೆ. ಪಕ್ಕದ ಕೋಣೆಯಲ್ಲಿ ತಮ್ಮನ ಹಿಟ್ಟಿನ ಗಿರಣಿ. ಅದು ನಡೆಯುವಾಗ ಅಪ್ಪನ ಮಂಚವೂ ಸಣ್ಣಗೆ ನಡುಗುತ್ತದೆ.

ಎರಡು ವರ್ಷದ ಹಿಂದೆ ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು, ಅವುಗಳ ಜೊತೆ ಮಾತೂ ಹೋಯಿತು. ಪೂರ್ತಿ ಹೋಗಿದ್ದರೆ ನಾವು ಅದಕ್ಕೊಂದು ರೂಢಿ ಮಾಡಿಕೊಳ್ಳುತ್ತಿದ್ದೆವೋ ಏನೋ. ಒಂದು ವಾಕ್ಯ ಮಾತ್ರ ಉಳಿಯಿತು, ಅದೂ ಮರಾಠಿಯಲ್ಲಿ. “ಹಾತ್ ಆತ್ ಘ್ಯಾ, ಉಭಂ ರಾಹು ನಕಾ.” ಕೈ ಒಳಗೆ ತೆಗೆದುಕೊಳ್ಳಿ, ಎದ್ದು ನಿಲ್ಲಬೇಡಿ. ನೀರಡಿಸಿದರೂ ಅದೇ, ಹೊಟ್ಟೆ ನೋವಾದರೂ ಅದೇ, ಮೊಮ್ಮಗ ಓಡಿ ಬಂದು ತೊಡೆ ಮೇಲೆ ಕುಳಿತರೂ ಅದೇ. ದನಿಯ ಏರಿಳಿತ ನೋಡಿ ನಾವು ಅರ್ಥ ಮಾಡಿಕೊಳ್ಳಬೇಕು. ಮಿರಜದ ಆಸ್ಪತ್ರೆಯ ಡಾಕ್ಟರಮ್ಮ ಹೇಳಿದರು, ಸಾವಿರಾರು ಸಲ ಹೇಳಿ ಹೇಳಿ ಬಾಯಿಗೆ ಕೂತುಬಿಟ್ಟ ಮಾತು ಕೆಲವೊಮ್ಮೆ ಹಾಗೇ ಉಳಿದುಬಿಡುತ್ತದಂತೆ. ತಲೆ ಆಡಿಸುವುದನ್ನೂ ಪೂರ್ತಿ ನಂಬಬೇಡಿ, ಹೌದು ಎನ್ನಬೇಕಾದಲ್ಲಿ ಇಲ್ಲ ಎಂದು ಆಡಿಸಬಹುದು ಎಂದೂ ಹೇಳಿದರು.

ಆ ವಾಕ್ಯ ಅಪ್ಪನ ನೌಕರಿಯದು. ಇಪ್ಪತ್ತರ ಪ್ರಾಯದಲ್ಲಿ ಊರು ಬಿಟ್ಟು ಮುಂಬಯಿಗೆ ಹೋದ ಅಪ್ಪ ಮೊದಲು ಒಂದು ವರ್ಕ್‌ಶಾಪಿನಲ್ಲಿದ್ದ. ಆಮೇಲೆ ಶಹರದ ಹೊರಗೆ, ಸಮುದ್ರದ ನೀರು ಒಳನುಗ್ಗುವ ಖಾಡಿಯ ದಂಡೆಗೆ, ದೊಡ್ಡದೊಂದು ಮನರಂಜನೆಯ ಪಾರ್ಕು ಶುರುವಾದಾಗ ಅಲ್ಲಿ ಸೇರಿಕೊಂಡ. ಅಂಥ ಪಾರ್ಕುಗಳು ಆಗ ಈಗಿನಂತೆ ಊರಿಗೊಂದು ಇರಲಿಲ್ಲ. ಅಪ್ಪ ನಡೆಸುತ್ತಿದ್ದದ್ದು ರೋಲರ್ ಕೋಸ್ಟರ್. ಆ ಹೆಸರು ನಮ್ಮ ಅವ್ವನ ನಾಲಿಗೆಗೆ ಹೊರಳುತ್ತಿರಲಿಲ್ಲ. ಅದಕ್ಕೆ ಅಪ್ಪ ಮನೆಯಲ್ಲಿ ಅದನ್ನು ಹಾವಿನ ಗಾಡಿ ಎನ್ನುತ್ತಿದ್ದ. ಮರದ ಒಂದು ಖೋಲಿಯಲ್ಲಿ ನಿಂತು ಉದ್ದನೆಯ ಕಬ್ಬಿಣದ ದಾಂಡು ಎಳೆದರೆ ಗಾಡಿ ಹೊರಡುವುದು, ಒತ್ತಿದರೆ ನಿಲ್ಲುವುದು. ಹೊರಡುವ ಮೊದಲು ಪ್ರತಿ ಸಲ ಮೈಕಿನಲ್ಲಿ ಆ ವಾಕ್ಯ ಹೇಳಬೇಕು. ಪಾರ್ಕು ಮುಚ್ಚುವವರೆಗೆ ಅಪ್ಪ ಅದೇ ದಾಂಡಿನ ಹತ್ತಿರ ಇದ್ದ. ಆಮೇಲೆ ಊರಿಗೆ ಬಂದು ಗಿರಣಿ ಹಾಕಿದ.

ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ನಾನು ಹೋದಾಗ ತಮ್ಮ ಗಿರಣಿ ಬಂದ್ ಮಾಡಿ, ಮೈಯೆಲ್ಲ ಹಿಟ್ಟು ಮಾಡಿಕೊಂಡು ಮೊಬೈಲ್ ಹಿಡಿದು ನಿಂತಿದ್ದ.

“ಅಕ್ಕಾ, ಇಲ್ಲಿ ನೋಡು. ಇದು ಅಪ್ಪನ ಪಾರ್ಕ್ ಹೌದಿಲ್ಲೋ?”

ಶಹರದ ಹಳೆಯ ಫೋಟೋಗಳನ್ನು ಹಾಕುವ ಯಾವುದೋ ಪುಟ. “ನಮ್ಮ ಬಾಲ್ಯದ ಪಾರ್ಕು, ನಿಮಗೆ ನೆನಪಿದೆಯೇ?” ಎಂದು ಮರಾಠಿಯಲ್ಲಿ ಬರೆದು ಹನ್ನೆರಡು ಫೋಟೋ ಹಾಕಿದ್ದರು. ಬಣ್ಣ ಮಾಸಿ ಎಲ್ಲವೂ ಸ್ವಲ್ಪ ಕಿತ್ತಳೆಯ ಕಡೆಗೆ ತಿರುಗಿದ್ದವು. ಹೆಬ್ಬಾಗಿಲಿನ ಮೇಲೆ ಸಿಮೆಂಟಿನ ಎರಡು ಆನೆ. ಕಪ್ ಸಾಸರಿನ ಆಕಾರದ ತೊಟ್ಟಿಲುಗಳು. ನೀರಿನಲ್ಲಿ ಹಂಸದ ದೋಣಿ. ಕೊಡೆಯಡಿ ಐಸ್ಕ್ರೀಮ್ ಮಾರುವವನು. ನಾನು ಒಂದೊಂದೇ ಸರಿಸುತ್ತಾ ಹೋದೆ. ಅಲ್ಲಿಗೆ ನಾನು ಹೋದದ್ದು ಒಂದೇ ಒಂದು ಸಲ, ಮೂರನೇ ಇಯತ್ತೆ ಮುಗಿಸಿದ ಸೂಟಿಯಲ್ಲಿ. ಆದರೆ ಆ ಆನೆಗಳನ್ನು ಎಲ್ಲಿ ಕಂಡರೂ ಗುರುತಿಸುತ್ತಿದ್ದೆ.

ಏಳನೆಯ ಫೋಟೋದಲ್ಲಿ ಕಪ್ಪು ಕನ್ನಡಕದ ಒಬ್ಬ ಹೆಂಗಸು ಇಬ್ಬರು ಮಕ್ಕಳನ್ನು ಆಚೆ ಈಚೆ ನಿಲ್ಲಿಸಿಕೊಂಡು ನಕ್ಕಿದ್ದಳು. ಮಕ್ಕಳ ಕೈಯಲ್ಲಿ ಐಸ್‌ಕ್ಯಾಂಡಿ. ಅವರ ಹಿಂದೆ ಹಾವಿನ ಗಾಡಿಯ ಹಳಿಗಳು, ಮರದ ಖೋಲಿ, ಖೋಲಿಯೊಳಗೆ ನೀಲಿ ಅಂಗಿಯ ಒಬ್ಬ ತರುಣ. ಟೋಪಿಯನ್ನು ಹಣೆಯಿಂದ ಮೇಲಕ್ಕೆ ಸರಿಸಿಕೊಂಡಿದ್ದ. ಹಣೆಯ ಮೇಲೆ ಬಿಳಿ ಪಟ್ಟೆ. ಟೋಪಿಗೆ ತಾಗಿ ವಿಭೂತಿ ಅಳಿಸಬಾರದೆಂದು ಅಪ್ಪ ಹಾಗೆ ಹಾಕಿಕೊಳ್ಳುತ್ತಿದ್ದ. ಮೇಲಿನವರು ಬೈದರೂ ಬಿಟ್ಟಿರಲಿಲ್ಲ ಎಂದು ಅವ್ವ ಹೇಳುತ್ತಿದ್ದಳು.

ಖೋಲಿಯ ಹೊರಗೆ, ಗೇಟಿನ ಹತ್ತಿರ, ಕಟ್ಟಿಗೆಯ ಜೋಕರ್ ಒಂದು ನಿಂತಿತ್ತು. ಒಂದು ಕೈಯನ್ನು ಅಡ್ಡ ಚಾಚಿದ ಜೋಕರ್. ಆ ಕೈಗಿಂತ ಗಿಡ್ಡ ಇರುವ ಮಕ್ಕಳನ್ನು ಗಾಡಿಯಲ್ಲಿ ಕೂರಿಸುವಂತಿಲ್ಲ. ಜೋಕರಿನ ತಲೆಯ ಮೇಲೆ ಕೈ ಊರಿ ಇನ್ನೊಬ್ಬ ನಿಂತಿದ್ದ. ಅವನದೂ ನೀಲಿ ಅಂಗಿ, ಕೊರಳಲ್ಲಿ ಸೀಟಿ, ಮಣಿಕಟ್ಟಿನಲ್ಲಿ ತಾಮ್ರದ ಬಳೆ. ಯಾರೋ ಏನೋ ಹಾಸ್ಯ ಮಾಡಿದ್ದಕ್ಕೆ ಬಾಯಿತುಂಬ ನಗುತ್ತಿದ್ದ.

ನಾವಿಬ್ಬರೂ ಖುಷಿಯಿಂದ ಅಪ್ಪನ ಹತ್ತಿರ ಓಡಿದೆವು. ತಮ್ಮ ಫೋಟೋ ದೊಡ್ಡದು ಮಾಡಿ ಅಪ್ಪನ ಮುಖದ ಮುಂದೆ ಹಿಡಿದ.

“ಅಪ್ಪಾ, ಇದ್ಯಾರು ಹೇಳು ನೋಡೂಣು?”

ಅಪ್ಪ ನೋಡಿದ. ತನ್ನನ್ನು ನೋಡಿಕೊಂಡು ಬಾಯಿಯ ಒಂದು ಬದಿಯಿಂದ ನಕ್ಕ. ನಮ್ಮ ತಮ್ಮನ ಹೆಂಡತಿಯೂ ಒಲೆ ಬಿಟ್ಟು ಬಂದು ನೋಡಿ, “ಮಾವಾರು ಭಾಳ ಚಂದ ಇದ್ರು ನೋಡ್ರಿ” ಎಂದಳು. ಆಮೇಲೆ ಅಪ್ಪನ ಎಡಗೈ ಮೇಲೆದ್ದಿತು. ತೋರುಬೆರಳು ಪರದೆಯ ಮೇಲೆ ತಡಕಾಡಿ, ಸೀಟಿಯ ಮನುಷ್ಯನ ಮೇಲೆ ಬಂದು ನಿಂತಿತು. ನಗು ಹೋಯಿತು. ಗಂಟಲಿನಿಂದ ನಾನು ಹಿಂದೆಂದೂ ಕೇಳದ ದನಿಯೊಂದು ಬಂತು. “ಹಾತ್ ಆತ್ ಘ್ಯಾ” ಎಂದ, ಮತ್ತೆ “ಹಾತ್ ಆತ್ ಘ್ಯಾ” ಎಂದ, ತಲೆ ಝಾಡಿಸಿದ, ಇದಲ್ಲ ಇದಲ್ಲ ಎನ್ನುವಂತೆ ತೊಡೆಯ ಮೇಲೆ ಬಡಿದುಕೊಂಡ. ಕಣ್ಣಿಂದ ನೀರು ಇಳಿಯತೊಡಗಿತು.

“ನಿನ್ನ ದೋಸ್ತ ಏನಪಾ?” ತಮ್ಮ ಕೇಳಿದ. ಅಪ್ಪ ಮತ್ತೆ ಬಡಿದುಕೊಂಡ.

“ತೀರಿಕೊಂಡಾರೇನು?”

ಮತ್ತೆ ಅದೇ.

“ಊರ ಯಾವುದು? ನಮ್ಮ ಕಡೀದವ್ರೇನು?”

ನಾವು ಕೇಳುತ್ತಾ ಹೋದಷ್ಟೂ ಅಪ್ಪನ ಸಿಟ್ಟು ಏರಿತು. ಶಾಲೆಯ ಗಂಟೆ ಕೇಳಿಸಿತು. ಎದ್ದು ಹೊರಟ ನನ್ನ ಸೆರಗನ್ನು ಅಪ್ಪ ಹಿಡಿದುಕೊಂಡ. ಬಿಡಿಸಿಕೊಂಡು ಹೋದೆ. ಆ ಮಧ್ಯಾಹ್ನ ಮಕ್ಕಳಿಗೆ ಏನು ಕಲಿಸಿದೆನೋ ನೆನಪಿಲ್ಲ.

ಅಂದಿನಿಂದ ಅದು ದಿನದ ಕೆಲಸವಾಯಿತು. ನಾನು ಹೋದ ಕೂಡಲೇ ಅಪ್ಪ ನನ್ನ ಚೀಲದ ಕಡೆ ಕೈ ಮಾಡುವನು. ಮೊಬೈಲ್ ತೆಗೆದು ಆ ಫೋಟೋ ತೋರಿಸಬೇಕು. ಬೆರಳು ಆ ಮನುಷ್ಯನ ಮೇಲೆ. ಆಮೇಲೆ ನನ್ನ ಮೇಲೆ. ಮತ್ತೆ ಆ ಮನುಷ್ಯನ ಮೇಲೆ. ಆಮೇಲೆ ಅಳು. ಡಾಕ್ಟರಮ್ಮ ಹೇಳಿದ್ದರೆಂದು ನಾನು ಶಾಲೆಯ ಹಳೆಯ ಚಿತ್ರಪಟ ಕತ್ತರಿಸಿ ರಟ್ಟಿಗೆ ಅಂಟಿಸಿ ಕಾರ್ಡು ಮಾಡಿಕೊಟ್ಟಿದ್ದೆ. ನೀರು, ಚಹಾ, ಊಟ, ಸಂಡಾಸು, ಹಾಸಿಗೆ, ತಲೆನೋವು. ಅಪ್ಪ ಆ ಕಾರ್ಡುಗಳನ್ನೆಲ್ಲ ಒಂದೊಂದಾಗಿ ತಿರುವಿ ನೋಡಿ ನೆಲಕ್ಕೆ ಚೆಲ್ಲಿದ. ಅವನಿಗೆ ಬೇಕಾದದ್ದು ಅದರಲ್ಲಿ ಇರಲಿಲ್ಲ. ಏನು ಬೇಕೆಂದು ತಿಳಿದಿದ್ದರೆ ಅದರ ಚಿತ್ರ ಬರೆಯಬಹುದಿತ್ತು. ತಿಳಿಯದೆ ಏನು ಬರೆಯಲಿ?

ಆ ಪುಟದಲ್ಲಿ ನಾನು ಮರಾಠಿಯಲ್ಲಿ ಬರೆದೆ. ಖೋಲಿಯೊಳಗಿರುವವರು ನನ್ನ ತಂದೆ, ಜೋಕರಿನ ಪಕ್ಕದಲ್ಲಿ ಸೀಟಿ ಹಾಕಿಕೊಂಡು ನಿಂತವರು ಯಾರೆಂದು ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿರಿ. ಕೆಳಗೆ ಬೇಕಾದಷ್ಟು ಜನ ಬರೆದರು. ಆ ಹೆಂಗಸಿನ ಕನ್ನಡಕ ಎಷ್ಟು ಚಂದ ಎಂದರು. ಐಸ್‌ಕ್ಯಾಂಡಿಯ ರುಚಿ ಈಗ ಎಲ್ಲಿ ಸಿಗುತ್ತದೆ ಎಂದರು. ಈ ಗಾಡಿಯಲ್ಲಿ ನಾಲ್ಕು ಸಲ ಕುಳಿತಿದ್ದೆ, ಆರು ಸಲ ಕುಳಿತಿದ್ದೆ, ವಾಂತಿ ಮಾಡಿಕೊಂಡಿದ್ದೆ ಎಂದರು. ಪಾರ್ಕು ಕೆಡವಿ ಕಟ್ಟಿದ ಕಟ್ಟಡಗಳನ್ನು ಬೈದರು. ನನ್ನ ಪ್ರಶ್ನೆಗೆ ಹೃದಯದ ಗುರುತು ಹಾಕಿದವರು ಬಹಳ. ಉತ್ತರ ಕೊಟ್ಟವರು ಇಲ್ಲ. ಅಷ್ಟು ಜನರನ್ನು ಕೂರಿಸಿ, ಅಡ್ಡಪಟ್ಟಿ ಹಾಕಿ, ಇಳಿಸಿದವನ ಮುಖ ಒಬ್ಬರಿಗೂ ನೆನಪಿರಲಿಲ್ಲ. ಅವರನ್ನು ಏನನ್ನಲಿ? ನನಗೂ ನೆನಪಿರಲಿಲ್ಲ.

ನನಗೆ ನೆನಪಿದ್ದದ್ದು ಬೇರೆ. ಅವ್ವ, ಎರಡು ವರ್ಷದ ತಮ್ಮ, ನಾನು ಬಸ್ಸಿನಲ್ಲಿ ಮಿರಜಕ್ಕೆ ಹೋಗಿ, ಅಲ್ಲಿಂದ ರೈಲಿನಲ್ಲಿ ಹೋಗಿದ್ದೆವು. ಪಾರ್ಕಿನಲ್ಲಿ ಅವ್ವ ಬಾಕಿನ ಮೇಲೆ ತಮ್ಮನನ್ನು ಮಲಗಿಸಿಕೊಂಡು, ಸೆರಗಿನಿಂದ ಗಾಳಿ ಹಾಕುತ್ತಾ ಕುಳಿತಿದ್ದಳು. ನಾನು ಜೋಕರಿನ ಕೈಗಿಂತ ಗಿಡ್ಡ. “ಇನ್ನೊಂದ್ ವರ್ಷ ತಡಿ, ಕುಂದರಸ್ತೀನಿ” ಎಂದ ಅಪ್ಪ. ನಾನು ಅತ್ತೆ. ಆಮೇಲೆ ಗಾಡಿಯಲ್ಲಿದ್ದೆ. ನನ್ನ ಹೊಟ್ಟೆಯ ಸುತ್ತ ಗಟ್ಟಿಯಾದ ಒಂದು ತೋಳು. ಗ್ರೀಸು ಮತ್ತು ಕೊಬ್ಬರಿ ಎಣ್ಣೆಯ ವಾಸನೆ. ಗಾಡಿ ಏರಿ ಏರಿ ಮೇಲೆ ನಿಂತಾಗ ಖಾಡಿಯ ನೀರು ತಾಮ್ರದ ತಟ್ಟೆಯಂತೆ ಹೊಳೆಯಿತು, ಮರುಕ್ಷಣ ಕಾಣದಾಯಿತು. ನಾನು ಕಿರುಚಿದೆ, ಆ ತೋಳು ಇನ್ನೂ ಬಿಗಿಯಾಯಿತು. ನನ್ನ ಬಾಲ್ಯದಲ್ಲಿ ಅಷ್ಟು ಖುಷಿಯಾದ ಇನ್ನೊಂದು ಗಳಿಗೆ ಇಲ್ಲ. “ನಾನು ಮಾಡಿದ ಪ್ರವಾಸ” ಎಂದು ಮಕ್ಕಳಿಂದ ಪ್ರಬಂಧ ಬರೆಸುವಾಗೆಲ್ಲ ಇದನ್ನು ಹೇಳುತ್ತಿದ್ದೆ. ನಮ್ಮಪ್ಪ ನನ್ನನ್ನು ಅವಚಿ ಹಿಡಿದುಕೊಂಡು ಕುಳಿತಿದ್ದ ಎಂದು ಹೇಳುತ್ತಿದ್ದೆ. ಇಷ್ಟು ವರ್ಷ ಅದನ್ನೇ ಹೇಳಿದ್ದೇನೆ.

ಪಾರ್ಕಿನಲ್ಲಿ ಕೆಲಸ ಮಾಡಿದ ನಮ್ಮ ಕಡೆಯ ಇನ್ನೊಬ್ಬರು ಸೊರಡಿಯಲ್ಲಿದ್ದಾರೆಂದು ತಮ್ಮನಿಗೆ ನೆನಪಾಯಿತು. ಅವರನ್ನು ಅಲ್ಲಿ ಕೆಲಸಕ್ಕೆ ಹಚ್ಚಿದವನೇ ಅಪ್ಪ. ಪಾರ್ಕು ಮುಚ್ಚಿದ ಮೇಲೆ ಅವರೂ ಬಂದು ದಾಳಿಂಬೆ ತೋಟ ಮಾಡಿಕೊಂಡಿದ್ದರು. ಒಂದು ಭಾನುವಾರ ಬಸ್ಸು ಹಿಡಿದು ಹೋದೆ. ಶೆಡ್ಡಿನ ಕೆಳಗೆ ಕುಳಿತು ಹಣ್ಣು ಆರಿಸುತ್ತಿದ್ದರು. ದೊಡ್ಡದು ಒಂದು ಕಡೆ, ಸೀಳಿದ್ದು ಒಂದು ಕಡೆ.

“ಬಾ ತಂಗಿ, ಕುಂದರು. ಅಪ್ಪ ಹೆಂಗದಾನ?”

“ಹಂಗೇ ಅದಾನ್ರಿ ಕಾಕಾ.”

ನೀರು ಕುಡಿದು ಫೋಟೋ ತೋರಿಸಿದೆ. ಕಾಕಾ ಕೈ ಒರೆಸಿಕೊಂಡು ಮೊಬೈಲನ್ನು ದೂರ ಹಿಡಿದು ನೋಡಿದರು.

“ಇವನ್ನ ಮರೀತೀನೇನು! ಸೀಟಿಮಾಮಾ. ನಾವೆಲ್ಲಾ ಹಂಗೇ ಕರೀತಿದ್ವಿ.” ಮೊಬೈಲ್ ತಿರುಗಿ ಕೊಡುತ್ತಾ ಕೇಳಿದರು, “ನಿಮ್ಮಪ್ಪ ನಿನಗ ಏನೂ ಹೇಳಿಲ್ಲೇನು?”

“ಏನ್ರಿ?”

“ಬಿಡು. ಹಳೀ ಮಾತು.”

“ಹೇಳ್ರಿ ಕಾಕಾ. ಅಪ್ಪ ದಿನಾ ಇವ್ರ ಮ್ಯಾಲ ಬೆರಳಿಟ್ಟು ಅಳಾಕತ್ಯಾನ. ಏನ್ ಬೇಕಾಗೇತಿ ಅನ್ನೂದು ನಮಗ ಒಂದೂ ತಿಳಿವಲ್ದು.”

ಕಾಕಾ ಒಂದು ಹಣ್ಣು ಎತ್ತಿಕೊಂಡರು. ಅದನ್ನು ಯಾವ ಕಡೆಯೂ ಇಡಲಿಲ್ಲ. ಕೈಯಲ್ಲೇ ತಿರುಗಿಸುತ್ತಾ ಹೇಳಿದರು.

“ನೀ ಬಂದಿದ್ದಿ ನೋಡು ಆವತ್ತ, ಹಸರು ಲಂಗಾ ಹಾಕ್ಕೊಂಡು, ಎರಡ ಜಡಿ. ನಾ ಅಲ್ಲೇ ಕಸಾ ಹೊಡೀತಿದ್ನಿ. ಜೋಕರನ ಕೈಗಿಂತ ನೀ ನಾಕ ಬೆರಳ ಕೆಳಗ. ನಿಮ್ಮಪ್ಪ ಆಗಂಗಿಲ್ಲ ಅಂದ. ನೀ ನೆಲದ ಮ್ಯಾಲ ಬಿದ್ದು ಹೊಳ್ಳ್ಯಾಡಿದಿ. ಸೀಟಿಮಾಮಾ ನೋಡಿದ. ‘ಕೂಸು ಎಷ್ಟ ದೂರಿಂದ ಬಂದೈತಿ. ನಾ ಬಾಜೂಕ ಕುಂತು ಹಿಡ್ಕೋತೀನಿ, ನೀ ದಾಂಡು ಎಳಿ’ ಅಂದ ನಿಮ್ಮಪ್ಪಗ.”

“ಅಪ್ಪ?”

“ಎಳದ.”

ದಾಂಡು ಖೋಲಿಯಲ್ಲಿತ್ತು. ಅಪ್ಪ ಖೋಲಿಯಲ್ಲಿದ್ದ. ಅಪ್ಪ ನನ್ನ ಪಕ್ಕದಲ್ಲಿ ಕೂರುವುದು ಹೇಗೆ ಸಾಧ್ಯವಿತ್ತು? ಇಷ್ಟು ಸರಳ ಸಂಗತಿ ನನಗೆ ಎಂದೂ ಹೊಳೆದಿರಲಿಲ್ಲ.

“ಗಾಡಿ ತಿರುಗಿ ಬರೂದ್ರಾಗ ಸಾಹೇಬ ಬಂದು ನಿಂತಿದ್ದ” ಕಾಕಾ ಮುಂದುವರಿಸಿದರು. “ಗೇಟ್ ಬಿಟ್ಟು ಹೋಗಿದ್ದೊಂದು, ಗಿಡ್ಡ ಹುಡುಗೀನ ಕುಂದರಿಸಿದ್ದೊಂದು. ಯಾರ್ ಮಾಡಿದ್ದು ಅಂದ. ಸೀಟಿಮಾಮಾ ‘ನಾ’ ಅಂದ. ಸಾಹೇಬ ನಿಮ್ಮಪ್ಪನ ಕಡೆ ಹೊಳ್ಳಿ, ‘ನೀ ನೋಡ್ಲಿಲ್ಲೇನು, ಗಾಡಿ ಹೆಂಗ ಬಿಟ್ಟಿ?’ ಅಂದ. ನಿಮ್ಮಪ್ಪ...”

“ಏನಂದ?”

“‘ಇಲ್ರಿ ಸಾಹೇಬ್ರ, ನಾ ನೋಡ್ಲಿಲ್ಲ’ ಅಂದ.”

“ನನ್ನ ಮಗಳು ಅಂತ ಹೇಳ್ಲಿಲ್ಲೇನ್ರಿ?”

“ಹೇಳ್ಲಿಲ್ಲ. ಸೀಟಿಮಾಮಾನೂ ಹೇಳ್ಲಿಲ್ಲ. ನಿಮ್ಮಪ್ಪನ ಮಾರಿ ಒಂದ್ಸಲ ನೋಡಿದ. ಅಷ್ಟ. ಸಂಜೀಕ ಅವ್ನ ಸೀಟಿ ತಗೊಂಡ್ರು. ಮರುದಿನದಿಂದ ಬರಬ್ಯಾಡ ಅಂದ್ರು.”

ಶೆಡ್ಡಿನ ಹೊರಗೆ ದಾಳಿಂಬೆ ಗಿಡಗಳ ಮೇಲೆ ಹೊದಿಸಿದ ಬಿಳಿ ಬಟ್ಟೆ ಗಾಳಿಗೆ ಪಟಪಟಿಸುತ್ತಿತ್ತು. ಅಂದು ಸಂಜೆ ನಾವು ಎಲ್ಲಿದ್ದೆವು? ಅಪ್ಪ ಬಾಡಿಗೆಗಿದ್ದ ಖೋಲಿಯಲ್ಲಿ ಅವ್ವ ಜುಣುಕ-ರೊಟ್ಟಿ ಮಾಡಿದ್ದಳು. ನಾನು ಗಾಡಿಯ ಕಥೆಯನ್ನು ಮತ್ತೆ ಮತ್ತೆ ಹೇಳುತ್ತಿದ್ದೆ. ಅಪ್ಪ ಊಟ ಬಿಟ್ಟು ಎದ್ದು ಹೋಗಿದ್ದ. ಅವನಿಗೆ ದಣಿವಾಗಿದೆ ಎಂದು ಅವ್ವ ಹೇಳಿದ್ದಳು.

“ಅವ್ರು ಆಮ್ಯಾಲ ಎಲ್ಲಿ ಹೋದ್ರು ಕಾಕಾ?”

“ಗೊತ್ತಿಲ್ಲ ತಂಗಿ. ಕೊಂಕಣದಾವ ಅಂತಿದ್ರು. ನಿಮ್ಮಪ್ಪ ಎರಡ ಸರ್ತಿ ಅವ್ನ ಖೋಲಿಗೆ ಹೋಗಿದ್ದ, ನನ್ನೂ ಕರ್ಕೊಂಡು. ಕೀಲಿ ಹಾಕಿತ್ತು. ಮೂರನೇ ಸಲ ಹೋದ್ರ ಬ್ಯಾರೆ ಮಂದಿ ಇದ್ರು.”

“ಹೆಸರು?”

ಕಾಕಾ ಬಹಳ ಹೊತ್ತು ಯೋಚಿಸಿದರು. ಕಣ್ಣು ಮುಚ್ಚಿ, ಹಣೆ ತಿಕ್ಕಿಕೊಂಡು. “ಸೀಟಿಮಾಮಾ ಅಂತಿದ್ವಿ ನೋಡು. ಹೆಸರ್ಲೆ ಯಾರೂ ಕರೀತಿದ್ದಿಲ್ಲ. ನಿಮ್ಮಪ್ಪಗ ಗೊತ್ತಿರಬೇಕು.”

ಗೊತ್ತಿರಬೇಕು. ಗೊತ್ತಿದ್ದವನ ಬಾಯಲ್ಲಿ ಅದು ಬರುವ ಹಾಗಿರಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕುಳಿತು ಬಂದೆ. ಮಾರನೆಯ ವರ್ಷ ನಾನು ಎತ್ತರವಾದಾಗ, “ಈಗ ಕರ್ಕೊಂಡ್ ಹೋಗು” ಎಂದು ಅಪ್ಪನಿಗೆ ಕಾಗದ ಬರೆಸಿದ್ದೆ. ರಜೆ ಇಲ್ಲ ಎಂದು ಉತ್ತರ ಬಂದಿತ್ತು. ಅದರ ಮುಂದಿನ ವರ್ಷವೂ ರಜೆ ಇರಲಿಲ್ಲ. ಆಮೇಲೆ ನಾನು ಕೇಳುವುದನ್ನೇ ಬಿಟ್ಟೆ. ಅಪ್ಪನಿಗೆ ನಮ್ಮ ಮೇಲೆ ಅಷ್ಟೊಂದು ಪ್ರೀತಿ ಇಲ್ಲ ಎಂದು ಆ ವಯಸ್ಸಿನಲ್ಲಿ ಅಂದುಕೊಂಡಿದ್ದೆ.

ತಮ್ಮನಿಗೆ ಎಲ್ಲ ಹೇಳಿದೆ. ಗಿರಣಿಯ ಪಟ್ಟಾ ಬಿಚ್ಚುತ್ತಿದ್ದವನು ಕೈ ನಿಲ್ಲಿಸಿ ಕೇಳಿದ.

“ಈಗ ಏನ್ ಮಾಡೂದಕ್ಕಾ? ಹೆಸರಿಲ್ಲ, ಊರಿಲ್ಲ. ಇದ್ದಾನೋ ಇಲ್ಲೋ ಅದೂ ಗೊತ್ತಿಲ್ಲ.”

“ನನಗೂ ತಿಳಿವಲ್ದೋ.”

“ಸಿಕ್ಕಾರ, ಆರಾಮ ಅದಾರ, ನಿನ್ನ ಮ್ಯಾಲ ಸಿಟ್ಟಿಲ್ಲಂತ ಅಂತ ಹೇಳಿಬಿಡೂಣು. ಮುದುಕಗ ಸಮಾಧಾನ ಆಗ್ತೈತಿ. ಯಾರಿಗೇನು ಲುಕ್ಸಾನು?”

ನಾನು ಅವನನ್ನು ತಡೆಯಲಿಲ್ಲ. ನನ್ನ ಎದುರಿನಲ್ಲೇ ತಮ್ಮ ಅಪ್ಪನ ಮಂಚದ ಮೇಲೆ ಕುಳಿತು, ಅವನ ಎಡಗೈ ಹಿಡಿದುಕೊಂಡು, ಜೋರಾಗಿ ಹೇಳಿದ. “ಅಪ್ಪಾ, ಸೀಟಿಮಾಮಾ ಸಿಕ್ಕಾರ! ಕೊಂಕಣದಾಗ ಅದಾರ. ಮಕ್ಕಳು ಮೊಮ್ಮಕ್ಕಳು ಎಲ್ಲಾ ಚಲೋ ಅದಾರ. ನಾ ಫೋನಿನ್ಯಾಗ ಮಾತಾಡಿದ್ನಿ. ನಿನ್ನ ಭಾಳ ನೆನಸಿದ್ರು.”

‘ಸೀಟಿಮಾಮಾ’ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಅಪ್ಪನ ಮುಖ ತೆರೆದುಕೊಂಡಿತು. ಅಷ್ಟು ದಿನಗಳಲ್ಲಿ ಮೊದಲ ಸಲ ನಾವು ಸರಿಯಾದ ಮಾತು ಆಡಿದ್ದೆವು. ಅವನು ತಮ್ಮನ ಮುಖವನ್ನೇ ನೋಡಿದ. ಆಮೇಲೆ ಕೈ ಬಿಡಿಸಿಕೊಂಡು, ಅಂಗೈ ಮೇಲೆ ಮಾಡಿ, ಚಾಚಿದ. ಫೋನ್ ಕೊಡು ಎಂದು.

ನಮ್ಮಿಬ್ಬರಿಗೂ ಇದು ಹೊಳೆದಿರಲೇ ಇಲ್ಲ.

“ಈಗ ಹತ್ತವಲ್ದಪಾ, ರೇಂಜ್ ಇಲ್ಲ. ನಾಳೆ ಹಚ್ಚಿ ಕೊಡ್ತೀನಿ” ಎಂದ ತಮ್ಮ.

ಮರುದಿನ ನಾನು ಹೋದಾಗ ಅಪ್ಪ ಸ್ನಾನ ಮಾಡಿಸಿಕೊಂಡು, ಒಗೆದ ಅಂಗಿ ಹಾಕಿಸಿಕೊಂಡು, ವಿಭೂತಿ ಧರಿಸಿ ಕುಳಿತಿದ್ದ. ನನ್ನನ್ನು ಕಂಡು ಅಂಗೈ ಚಾಚಿದ. ನಾನು ಫೋನ್ ತೆಗೆದು ಕಿವಿಗೆ ಹಿಡಿದಂತೆ ಮಾಡಿ, “ಎತ್ತವಲ್ರು” ಎಂದೆ. ನಾನೂ ಆ ಸುಳ್ಳಿನಲ್ಲಿ ಸೇರಿದೆ. ಅದರ ಮರುದಿನವೂ ಅದೇ. ತಮ್ಮನ ಹೆಂಡತಿ ಹೇಳಿದಳು, ಮುಂಜಾನೆಯಿಂದ ಮಾವ ತುಟಿ ಆಡಿಸುತ್ತಿರುತ್ತಾರಂತೆ, ಏನೋ ಒಂದು ಶಬ್ದವನ್ನು ಬಾಯೊಳಗೆ ಕೂರಿಸಿಕೊಳ್ಳಲು ನೋಡುತ್ತಿರುತ್ತಾರಂತೆ. ಆ ಮನುಷ್ಯ ಫೋನಿಗೆ ಬಂದರೆ ಹೇಳಲು ಅಪ್ಪ ಅಭ್ಯಾಸ ಮಾಡುತ್ತಿದ್ದ. ಏಳೆಂಟು ದಿನ ಹೀಗೆ ಕಳೆದವು. ಶಾಲೆಯಿಂದ ಮನೆಯ ಐದು ನಿಮಿಷದ ದಾರಿ ನನಗೆ ಬೇಡವಾಗತೊಡಗಿತು. ಒಂದು ದಿನ ಹೋಗಲೇ ಇಲ್ಲ, ಸ್ಟಾಫ್ ರೂಮಿನಲ್ಲಿ ಕುಳಿತು ಮಕ್ಕಳ ನೋಟ್‌ಬುಕ್ ತಿದ್ದಿದೆ.

ಕೊನೆಗೆ ನಾನೇ ಹೇಳಬೇಕಾಯಿತು. ತಮ್ಮ ಆಗುವುದಿಲ್ಲ ಎಂದು ಗಿರಣಿಗೆ ಹೋಗಿ ಕುಳಿತ. ನಾನು ಅಪ್ಪನ ಕಾಲ ಹತ್ತಿರ ಕುಳಿತೆ.

“ಅಪ್ಪಾ, ಅವ್ರು ಸಿಕ್ಕಿಲ್ಲ. ನಾವು ಸುಳ್ಳ ಹೇಳೀವಿ. ನಾ ಸೊರಡಿ ಕಾಕಾನ ಹಂತ್ಯಾಕ ಹೋಗಿದ್ನಿ. ಎಲ್ಲಾ ತಿಳೀತು ನನಗ. ನನ್ನ ಸಲುವಾಗಿ ಅವ್ರ ನೌಕರಿ ಹೋತು. ಹೌದಿಲ್ಲೋ?”

ಅಪ್ಪ ತಲೆ ಅಲ್ಲಾಡಿಸಿದ. ಆಚೆ ಈಚೆ, ಜೋರಾಗಿ. ನಿನ್ನ ಸಲುವಾಗಿ ಅಲ್ಲ ಎಂದೋ, ಹೌದು ಎನ್ನಲು ಹೋಗಿ ಇಲ್ಲ ಎಂದು ಆಡಿಸಿದನೋ, ನನಗೆ ಗೊತ್ತಾಗಲಿಲ್ಲ. “ನೀ ಏನ್ ಮಾಡ್ತಿದ್ದಿ ಅಪ್ಪಾ, ಮನ್ಯಾಗ ನಾವೆಲ್ಲಾ ಇದ್ವಿ. ನಿನ್ನ ತಪ್ಪಲ್ಲ” ಎಂದೆ. ಆಗ ಅಪ್ಪ ನೋಡಿದ ನೋಟ ನನಗೆ ಮರೆಯುವುದಿಲ್ಲ. ಪಕ್ಕದಲ್ಲಿದ್ದ ಚಹಾದ ಬಟ್ಟಲನ್ನು ಎಡಗೈಯಿಂದ ನೂಕಿದ. ಅದು ನೆಲಕ್ಕೆ ಬಿದ್ದು ಒಡೆಯಿತು. ಸಮಾಧಾನ ಹೇಳಿಸಿಕೊಳ್ಳಲು ಅವನು ಇಷ್ಟು ದಿನ ಅತ್ತಿರಲಿಲ್ಲ. ಅವನಿಗೆ ಆ ಮನುಷ್ಯ ಬೇಕಾಗಿದ್ದ. ನಾನು ಚೂರುಗಳನ್ನು ಆರಿಸಿದೆ. ಅಪ್ಪ ಗೋಡೆಯ ಕಡೆ ಹೊರಳಿ ಮಲಗಿದ. ಆಮೇಲೆ ಎಂದೂ ಅಂಗೈ ಚಾಚಲಿಲ್ಲ. ನನ್ನ ಚೀಲದ ಕಡೆಗೂ ನೋಡಲಿಲ್ಲ.

ಮಳೆಗಾಲ ಬಂತು. ಅಪ್ಪ ಮರೆತನೆಂದು ತಮ್ಮ ಹೇಳುತ್ತಾನೆ. ನಾನು ವಾದಿಸಲು ಹೋಗುವುದಿಲ್ಲ. ಆ ಪುಟದಲ್ಲಿ ಮಾತ್ರ ಆಗಾಗ ಬರೆಯುತ್ತಿದ್ದೆ. ಈಗ ‘ಸೀಟಿಮಾಮಾ’ ಎಂಬ ಹೆಸರೂ ಸೇರಿಸಿದ್ದೆ.

ಮೊನ್ನೆ ಶ್ರಾವಣದಲ್ಲಿ ಒಂದು ಮೆಸೇಜು ಬಂತು. ಪರಿಚಯವಿಲ್ಲದ ಹೆಣ್ಣುಮಗಳು. ತನ್ನ ತಂದೆಯೂ ಅದೇ ಪಾರ್ಕಿನಲ್ಲಿದ್ದರು, ನೀವು ಹುಡುಕುತ್ತಿರುವವರು ಅವರೇ ಇರಬಹುದೇ ಎಂದು ಮರಾಠಿಯಲ್ಲಿ ಬರೆದಿದ್ದಳು. ಜೊತೆಗೆ ಒಂದು ಫೋಟೋ. ಅದನ್ನು ದೊಡ್ಡದು ಮಾಡಿ ನೋಡಿದೆ. ನೀಲಿ ಅಂಗಿ ಅದೇ. ಮುಖ ಬೇರೆ. ಉದ್ದ ಮುಖ, ಕನ್ನಡಕ, ಹಂಸದ ದೋಣಿಗಳ ಹತ್ತಿರ ನಿಂತವನು.

ಅವರಲ್ಲ, ಆದರೂ ಫೋಟೋ ಕಳಿಸಿದ್ದಕ್ಕೆ ಉಪಕಾರವಾಯಿತು ಎಂದು ಬರೆದೆ. ಅವಳು ತಕ್ಷಣ ಬರೆದಳು. ತನ್ನ ತಂದೆ ತೀರಿಕೊಂಡು ಹನ್ನೊಂದು ವರ್ಷವಾಯಿತು. ಅಲ್ಲಿ ಅವರನ್ನು ಕಂಡವರು ಯಾರೂ ಈವರೆಗೆ ಸಿಕ್ಕಿಲ್ಲ. ನಿಮ್ಮ ತಂದೆಗೆ ಅವರ ನೆನಪಿದೆಯೇ, ಒಮ್ಮೆ ಕೇಳುತ್ತೀರಾ?

ಮಧ್ಯಾಹ್ನ ಹೋಗಿ ಅಪ್ಪನ ಪಕ್ಕ ಕುಳಿತೆ. ಬಹಳ ದಿನದ ಮೇಲೆ ಮೊಬೈಲ್ ಅವನ ಮುಂದೆ ಹಿಡಿಯಲು ಹೆದರಿಕೆಯಾಯಿತು. ಅವನು ನೋಡಿದ. ಸಾವಕಾಶ ನೋಡಿದ, ಬೆರಳಿಂದ ದೋಣಿಯೊಂದನ್ನು ಮುಟ್ಟಿದ.

“ಇವ್ರ ಗುರುತ ಐತೇನಪಾ ನಿನಗ?”

ಅಪ್ಪ ತಲೆ ಕೆಳಗೆ ಮೇಲೆ ಆಡಿಸಿದ. ಒಂದು ಸಲ. ಅದು ಹೌದೋ ಅಲ್ಲವೋ ನಾನು ಹೇಗೆ ತಿಳಿಯಲಿ? ಇನ್ನೊಮ್ಮೆ ಕೇಳಿದೆ. ಅಷ್ಟರಲ್ಲಿ ಅವನ ಕಣ್ಣು ಬಾಗಿಲ ಕಡೆ ಹೋಗಿತ್ತು. ಶಾಲೆಯಲ್ಲಿ ಗಂಟೆ ಹೊಡೆಯಿತು. ಹೊಸ್ತಿಲಲ್ಲೇ ನಿಂತು, ಚಪ್ಪಲಿ ಮೆಟ್ಟಿಕೊಳ್ಳುತ್ತಾ, ಆ ಹೆಣ್ಣುಮಗಳಿಗೆ ಬರೆದೆ. ಹೌದು, ನನ್ನ ತಂದೆಗೆ ಅವರು ಚೆನ್ನಾಗಿ ನೆನಪಿದ್ದಾರೆ.